ಹಳೇ ಐ3 ಮೆಷಿನ್‌ಗೆ ಐ7 ಹಾಕಿಸೋದು ಲಾಭವೋ, ದಂಡವೋ?

ಲಗ್ನಪತ್ರಿಕೆ_ಡಿಟಿಪಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಅಶೋಕ ರಸ್ತೆ ಕಡೆ ಸಣ್ಣದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ನಂದು. 2012ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಇನ್ನೂ ಓಡ್ತಾ ಐತೆ. ಐ3-2120 ಪ್ರೊಸೆಸರ್, ಇಂಟೆಲ್‌ದೇ ಎಚ್61 ಮದರ್‌ಬೋರ್ಡು, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಪೇಜ್‌ಮೇಕರ್‌ನಲ್ಲಿ ನುಡಿ ಹಾಕ್ಕೊಂಡು ಲಗ್ನಪತ್ರಿಕೆ, ಕೋರೆಲ್‌ನಲ್ಲಿ ಬ್ಯಾನರ್, ಫೋಟೋಶಾಪ್‌ನಲ್ಲಿ ಪಾಸ್‌ಪೋರ್ಟ್ ಫೋಟೋ, ಮಧ್ಯ ಮಧ್ಯ ಕ್ರೋಮ್‌ನಲ್ಲಿ ಯಾರದೋ ಅರ್ಜಿ, ಯಾರದೋ ಪಹಣಿ. ಇಷ್ಟೇ ಕೆಲಸ.

ಈಗೀಗ ವಿಪರೀತ ಸ್ಲೋ. ಸ್ವಿಚ್ ಒತ್ತಿ, ಅಂಗಡಿ ಕಸ ಗುಡಿಸಿ, ಫೋಟೋಗೆ ಊದಿನಕಡ್ಡಿ ಬೆಳಗಿ ಬಂದ್ರೂ ನೀಲಿ ಚಕ್ರ ತಿರುಗ್ತಾನೇ ಇರುತ್ತೆ. ಮೆಷಿನ್ ನೋಡೋ ಹುಡುಗ ಬಂದವನು "ಅಣ್ಣಾ, ಪ್ರೊಸೆಸರ್ ವೀಕ್ ಆಗೈತೆ, ಐ7-2600 ಸೆಕೆಂಡ್ ಹ್ಯಾಂಡ್ ಹಾಕ್ತೀನಿ, ಫಿಟ್ಟಿಂಗ್ ಸೇರಿ ಮೂರೂವರೆ ಸಾವಿರ ಕೊಡ್ರಿ" ಅಂದ.

ಮುಂದೆ ಮದುವೆ ಸೀಸನ್ ಐತೆ, ದುಗ್ಗಮ್ಮನ ಜಾತ್ರೆ ಕರಪತ್ರಾನೂ ಬರ್ತಾವೆ. ಹೊಸದು ತಗೊಳ್ಳೋಕೆ ಈ ವರ್ಷ ಆಗಲ್ಲ. ಆರು ಸಾವಿರದೊಳಗೆ ಏನಾದ್ರೂ ಮಾಡಬಹುದಾ? ಐ7 ಹಾಕಿಸ್ಲಾ, ಬೇಡ್ವಾ? ನೇರ ಹೇಳ್ರಿ.

ನಿಟ್ಟುವಳ್ಳಿ_ಗೇಮರ್

ಅಣ್ಣಾ, 2011ರ ಪ್ರೊಸೆಸರ್‌ಗೆ 2026ರಲ್ಲಿ ದುಡ್ಡು ಹಾಕೋದಾ? ಗುಜರಿಗೆ ಹಾಕಿ ಎಎಂಡಿಯ ರೈಜನ್ ಪ್ರೊಸೆಸರ್ ಹಾಕಿ ಹೊಸ ಮೆಷಿನ್ ಬಿಲ್ಡ್ ಮಾಡಿಸ್ರಿ. ಮುಗೀತು.

ಹದಡಿ_ರೋಡ್

ಮೊದ್ಲು ಪೂರ್ತಿ ಓದೋ ತಮ್ಮಾ. ಆರು ಸಾವಿರ ಅಂತ ಬರ್ದಿದಾರೆ. ಆರು ಸಾವಿರಕ್ಕೆ ನಿನ್ನ ಬಿಲ್ಡ್‌ನ ರ‍್ಯಾಮ್ ಆದ್ರೂ ಬರುತ್ತಾ ಈಗ?

ನಿಟ್ಟುವಳ್ಳಿ_ಗೇಮರ್

ರ‍್ಯಾಮ್ ರೇಟ್ ಮಾತ್ರ ಕೇಳ್ಬೇಡ್ರಿ. ಹೋದ ವರ್ಷದ ಕೊನೇಲಿ ಏರೋಕೆ ಶುರುವಾಗಿದ್ದು. ಎಐ ಡೇಟಾ ಸೆಂಟರ್‌ನವ್ರು ಇರೋದೆಲ್ಲ ಬಾಚ್ಕೊಂಡು ಹೋಗ್ತಿದಾರೆ, ನಮ್ಮಂಥವ್ರಿಗೆ ಚೂರುಪಾರು.

ರಿಪೇರಿ_ಟೇಬಲ್ (ಚಿತ್ರದುರ್ಗ)

ಅಣ್ಣಾ, ಐ7 ಮಾತು ಆಮೇಲೆ. "ಪ್ರೊಸೆಸರ್ ವೀಕ್ ಆಗೈತೆ" ಅನ್ನೋದನ್ನ ಮೊದ್ಲು ತಲೆಯಿಂದ ತೆಗೀರಿ. ಅದು ಕಾಲ ಕಳೆದಂಗೆ ಸವೆದು ಸ್ಲೋ ಆಗೋ ಸಾಮಾನಲ್ಲ. ಅಂಗಡಿಗೆ ಬಂದಾಗ 3.3 ಗಿಗಾಹರ್ಟ್ಸ್ ಇತ್ತು, ಇವತ್ತೂ ಅಷ್ಟೇ ಐತೆ. ಬದಲಾಗಿರೋದು ಅದರ ಮೇಲೆ ಹೇರಿರೋ ಸಾಫ್ಟ್‌ವೇರು, ಹೀಟ್‌ಸಿಂಕ್ (ಪ್ರೊಸೆಸರ್ ಬಿಸಿ ಎಳೆಯೋ ಲೋಹದ ರೆಕ್ಕೆ) ಒಳಗಿನ ಧೂಳು, ಇಲ್ಲಾ ಹಾರ್ಡ್ ಡಿಸ್ಕ್‌ನ ಸ್ಥಿತಿ.

ಸ್ಲೋ ಆದಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ. ಸಿಪಿಯು, ಮೆಮೊರಿ, ಡಿಸ್ಕ್ ಎಷ್ಟೆಷ್ಟು ಪರ್ಸೆಂಟ್ ಅಂತ ಬರ್ಕೊಳ್ರಿ. ಬೆಳಿಗ್ಗೆ ಆನ್ ಆಗ್ತಿರುವಾಗ ಒಂದ್ಸಲ, ಕೋರೆಲ್‌ನಲ್ಲಿ ಎಕ್ಸ್‌ಪೋರ್ಟ್ ಕೊಟ್ಟಾಗ ಒಂದ್ಸಲ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಪುಕ್ಕಟೆ ಸಾಫ್ಟ್‌ವೇರ್ ಐತೆ, ಅದರಲ್ಲಿ ಡಿಸ್ಕ್ ನೀಲಿ ತೋರಿಸುತ್ತೋ ಹಳದಿ ತೋರಿಸುತ್ತೋ ನೋಡ್ರಿ. ಇದಿಷ್ಟೂ ಇಲ್ಲಿ ಹಾಕ್ರಿ. ಅಲ್ಲಿವರೆಗೂ ಆ ಹುಡುಗನಿಗೆ ದುಡ್ಡು ಕೊಡಬೇಡ್ರಿ.

ಬೆಣ್ಣೆ_ಜಾಸ್ತಿ (ದಾವಣಗೆರೆ)

ನನ್ನ ಹತ್ರ ಐ5-4460 ಸುಮ್ನೆ ಬಿದ್ದೈತೆ, ಬೋರ್ಡ್ ಸುಟ್ಟೋಗಿತ್ತು. ಐನೂರು ಕೊಟ್ರೆ ಸಾಕು. ನಿಮ್ಮ 2120ರ 2ನೇ ಜನರೇಷನ್‌ಗಿಂತ ಈ 4ನೇದು ಒಳ್ಳೇದು ತಾನೇ?

ಹೊಳಲ್ಕೆರೆ_ಕಡೆಯವ

ಒಳ್ಳೇದೇ, ಆದ್ರೆ ಕೂರಲ್ಲ. ಎಚ್61 ಬೋರ್ಡಿನ ಸಾಕೆಟ್, ಅಂದ್ರೆ ಪ್ರೊಸೆಸರ್ ಕೂರೋ ಗೂಡು, 1155. ನಿಮ್ದು 1150. ಹೆಸರಲ್ಲಿ ಐದೇ ಪಿನ್ ವ್ಯತ್ಯಾಸ ಅಂತ ಅನ್ಸುತ್ತೆ, ಆದ್ರೆ ಅಂಚಿನ ನಾಚ್ (ಕಚ್ಚು) ಜಾಗವೇ ಬೇರೆ. ಒತ್ತಿ ಕೂರಿಸೋಕೆ ಹೋದ್ರೆ ಬೋರ್ಡಿನ ಪಿನ್ ಮಲಗ್ತಾವೆ. 1155ಕ್ಕೆ ಬರೋದು 2ನೇ ಮತ್ತು 3ನೇ ಜನರೇಷನ್ ಮಾತ್ರ. 6, 7ಕ್ಕೆ 1151. 8, 9ಕ್ಕೂ 1151 ಅಂತಲೇ ಕರೀತಾರೆ, ಆದ್ರೆ ಅದಕ್ಕೆ 300 ಸರಣಿ ಚಿಪ್‌ಸೆಟ್ ಬೋರ್ಡೇ ಬೇಕು. ಇಂಟೆಲ್‌ನವ್ರು ಎರಡು ವರ್ಷಕ್ಕೊಂದು ಸಾಕೆಟ್ ಬದಲಿಸಿ ನಮ್ಮ ತಲೆ ಕೆಡಿಸಿದಾರೆ.

ಬೆಣ್ಣೆ_ಜಾಸ್ತಿ

ಹೋಗ್ಲಿ ಬಿಡ್ರಿ, ಪೇಪರ್ ವೇಟ್ ಮಾಡ್ಕೊಂತೀನಿ.

ಹರಿಹರ_ವಿಡಿಯೋ

ಎಲ್ರೂ ಪ್ರೊಸೆಸರ್ ಬೇಡ ಬೇಡ ಅಂತ ರಾಗ ತೆಗೀಬೇಡ್ರಿ. ನಂದೂ ಎಚ್61 ಬೋರ್ಡೇ, ಬೇರೆ ಕಂಪನಿದು. ಐ3-2100 ಇತ್ತು. ಐ7-3770 ಹಾಕಿದ ಮೇಲೆ ಮದುವೆ ವಿಡಿಯೋ ರೆಂಡರ್ ಅರ್ಧಕ್ಕಿಂತ ಕಮ್ಮಿ ಹೊತ್ತಿಗೆ ಬಂತು. ಎರಡು ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡೋ ಘಟಕ) ಇದ್ದಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್ (ಒಂದೇ ಹೊತ್ತಿಗೆ ನಡೆಯೋ ಕೆಲಸದ ಸಾಲು). ಮೊದ್ಲು ರಾತ್ರಿ ಹಚ್ಚಿ ಮಲಗ್ತಿದ್ದೆ, ಈಗ ಊಟ ಮಾಡಿ ಬರೋಷ್ಟ್ರಲ್ಲಿ ಮುಗಿದಿರುತ್ತೆ. ಸ್ವಂತ ಕಣ್ಣಲ್ಲಿ ಕಂಡಿದ್ದು ಹೇಳ್ತಿದೀನಿ.

ರಿಪೇರಿ_ಟೇಬಲ್

ವಿಡಿಯೋ ರೆಂಡರ್‌ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ ಅಣ್ಣಾ. ಅದು ಎಷ್ಟು ಕೋರ್ ಕೊಟ್ರೂ ಎಲ್ಲಾ ತಿನ್ನುತ್ತೆ. ಇವ್ರದ್ದು ಪೇಜ್‌ಮೇಕರ್. ಅದೇ ಬೇರೆ ಕಥೆ.

ಲಗ್ನಪತ್ರಿಕೆ_ಡಿಟಿಪಿ

ರಿಪೇರಿ ಸಾರ್, ನೀವು ಹೇಳಿದಂಗೆ ಬರ್ಕೊಂಡೆ.

ಆನ್ ಆಗುವಾಗ: ಡಿಸ್ಕ್ 100ಕ್ಕೇ ಅಂಟ್ಕೊಂಡಿರುತ್ತೆ, ಸಿಪಿಯು 35-40, ಮೆಮೊರಿ 80ರ ಮೇಲೆ. ಕ್ರೋಮ್, ಫೋಟೋಶಾಪ್ ಎರಡೂ ತೆಗೆದಿದ್ರೆ ಮೆಮೊರಿ 94, ಡಿಸ್ಕ್ ಮತ್ತೆ 100. ಕೋರೆಲ್‌ನಿಂದ ದೊಡ್ಡ ಬ್ಯಾನರ್ ಪಿಡಿಎಫ್ ಮಾಡುವಾಗ ಮಾತ್ರ ಡಿಸ್ಕ್ ಸುಮ್ನಿರುತ್ತೆ, ಸಿಪಿಯು 27-28 ಅಷ್ಟೇ. ಆದ್ರೂ ಪರದೆ ಬಿಳಿಚ್ಕೊಂಡು "ನಾಟ್ ರೆಸ್ಪಾಂಡಿಂಗ್" ಅಂತ ನಿಲ್ಲುತ್ತೆ. ಸಿಪಿಯು ಮುಕ್ಕಾಲು ಪಾಲು ಖಾಲಿ ಇದ್ದೂ ಯಾಕೆ ನಿಲ್ಲುತ್ತೆ ಅಂತಲೇ ತಿಳೀಲಿಲ್ಲ.

ಕ್ರಿಸ್ಟಲ್ ಸಾಫ್ಟ್‌ವೇರ್‌ನಲ್ಲಿ ಡಿಸ್ಕ್ ಹಳದಿ, "ಕಾಷನ್" ಅಂತ ಬರ್ದೈತೆ. ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ 4 ಜಿಬಿ, ಬಳಸಬಹುದಾದ್ದು 3.2 ಅಂತ ಐತೆ. ಅದೇನದು?

ಹೊಳಲ್ಕೆರೆ_ಕಡೆಯವ

3.2! ನಿಮ್ದು 32 ಬಿಟ್ ವಿಂಡೋಸ್ ರೀ. ಅದಕ್ಕೆ ಎಂಟು ಜಿಬಿ ಹಾಕಿದ್ರೂ ನಾಲ್ಕರೊಳಗೇ ಕಾಣೋದು. ಮೊದ್ಲು ಅದನ್ನ ತೆಗೀರಿ.

ರಿಪೇರಿ_ಟೇಬಲ್

ಎಲ್ಲಾ ಸಿಕ್ತು ನೋಡ್ರಿ. ಒಂದೊಂದಾಗಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಹಳದಿ ಅಂದ್ರೆ ಡಿಸ್ಕ್‌ನಲ್ಲಿ ಸೆಕ್ಟರ್‌ಗಳು ಕೆಟ್ಟು, ಬದಲಿ ಸೆಕ್ಟರ್ ಬಳಸೋಕೆ ಶುರು ಮಾಡೈತೆ, ಇಲ್ಲಾ ಓದೋಕಾಗದ ಸೆಕ್ಟರ್ ಕಾದು ಕೂತಾವೆ ಅಂತ. ಅಂಥ ಜಾಗಕ್ಕೆ ಬಂದಾಗ ಡಿಸ್ಕು ಮತ್ತೆ ಮತ್ತೆ ಓದೋಕೆ ಒದ್ದಾಡುತ್ತೆ. ನೀಲಿ ಚಕ್ರಕ್ಕೆ ಅರ್ಧ ಕಾರಣ ಅದೇ. ನಾಳೆ ಹೋಗಬಹುದು, ಇನ್ನೊಂದು ವರ್ಷ ಓಡಲೂಬಹುದು. ಇವತ್ತು ಅಂಗಡಿ ಮುಚ್ಚೋಕೆ ಮುಂಚೆ ಗಿರಾಕಿಗಳ ಫೈಲು, ನುಡಿ ಫಾಂಟು, ಬಾರ್ಡರ್ ಡಿಸೈನು ಎಲ್ಲಾ ಬೇರೆ ಡಿಸ್ಕ್‌ಗೆ ಇಳಿಸ್ಕೊಳ್ರಿ. ಹಳದಿ ಡಿಸ್ಕ್ ಇಟ್ಕೊಂಡು ಐ7 ಹಾಕಿದ್ರೆ ಐ7 ಕೂತ್ಕೊಂಡು ಡಿಸ್ಕ್‌ಗೆ ಕಾಯುತ್ತೆ, ಅಷ್ಟೇ. ಹಂಗಾಗಿ ಸರದಿ ಇದು: ಮೊದ್ಲು ಹಳೇ ಡಿಸ್ಕ್ ಬದ್ಲು ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್), ಆಮೇಲೆ ರ‍್ಯಾಮ್ ಮತ್ತು 64 ಬಿಟ್ ವಿಂಡೋಸ್, ಪ್ರೊಸೆಸರ್ ಕೊನೆಗೆ.

ಇನ್ನು ಆ 27 ಪರ್ಸೆಂಟಿನ ವಿಷ್ಯ. ಐ3-2120ರಲ್ಲಿ ಎರಡು ಕೋರ್, ನಾಲ್ಕು ಥ್ರೆಡ್. ಟಾಸ್ಕ್ ಮ್ಯಾನೇಜರ್ ನಾಲ್ಕೂ ಸೇರಿಸಿ ನೂರು ಅಂತ ಲೆಕ್ಕ ಹಾಕುತ್ತೆ. ಒಂದು ಥ್ರೆಡ್ ಉಸಿರು ಬಿಗಿಹಿಡಿದು ಓಡ್ತಿದ್ರೂ ನಿಮಗೆ ಕಾಣೋದು 25. ಮೇಲಿನ ಎರಡು ಮೂರು ವಿಂಡೋಸ್‌ದು. ಅಂದ್ರೆ ಆ ಎಕ್ಸ್‌ಪೋರ್ಟ್ ಒಂದೇ ಥ್ರೆಡ್‌ನಲ್ಲಿ ನಡೀತಾ ಐತೆ. ಗ್ರಾಫ್ ಮೇಲೆ ಬಲ ಬಟನ್ ಒತ್ತಿ, ಲಾಜಿಕಲ್ ಪ್ರೊಸೆಸರ್ಸ್ ಅಂತ ಆರಿಸಿ ನೋಡ್ರಿ, ನಾಲ್ಕು ಡಬ್ಬಿ ಬೇರೆ ಬೇರೆ ಕಾಣ್ತಾವೆ. ಕೆಲಸ ಅದರೊಳಗೇ ಡಬ್ಬಿಯಿಂದ ಡಬ್ಬಿಗೆ ಹಾರ್ತಾ ಇರುತ್ತೆ, ಆದ್ರೆ ಒಂದು ಹೊತ್ತಿಗೆ ಒಂದೇ ಡಬ್ಬಿ ತುಂಬಿರುತ್ತೆ.

ಅದೇ ಕೆಲಸ ಐ7-2600ರಲ್ಲಿ ಮಾಡಿದ್ರೆ ಎಂಟು ಥ್ರೆಡ್ ಇರೋದ್ರಿಂದ ಹನ್ನೆರಡೂವರೆ ಪರ್ಸೆಂಟ್ ತೋರಿಸುತ್ತೆ. ಆದ್ರೆ ಹೊತ್ತು? ನಿಮ್ಮ ಐ3ಗೆ ಟರ್ಬೋ (ಬೇಕಾದಾಗ ತಾನೇ ವೇಗ ಏರಿಸ್ಕೊಳ್ಳೋದು) ಇಲ್ಲ, 3.3ರಲ್ಲೇ ನಿಲ್ಲುತ್ತೆ. 2600 ಒಂದು ಕೋರ್‌ನಲ್ಲಿ 3.8ರವರೆಗೆ ಹೋಗುತ್ತೆ. ಎರಡೂ ಒಂದೇ ಸ್ಯಾಂಡಿ ಬ್ರಿಡ್ಜ್, ಅಂದ್ರೆ 2ನೇ ಜನರೇಷನ್ ಮನೆತನ. ಹೆಚ್ಚಂದ್ರೆ ನೂರಕ್ಕೆ ಹದಿನೈದು ಲಾಭ. ಮೂರೂವರೆ ಸಾವಿರಕ್ಕೆ ಹದಿನೈದು ಪರ್ಸೆಂಟ್. ನೀವೇ ಲೆಕ್ಕ ಹಾಕ್ರಿ.

ಮೊಳೆ_ಜೋಡಿಸಿದವ (ದಾವಣಗೆರೆ)

ಇಕ್ಕಟ್ಟು ಬಂಡಿಜಾಡಿನಲ್ಲಿ ನಾಲ್ಕು ಜೋಡಿ ಎತ್ತು ತಂದು ನಿಲ್ಲಿಸಿದ್ರೂ ಮುಂದೆ ಹೋಗೋದು ಒಂದೇ ಗಾಡಿ ಅಂದಂಗಾಯ್ತು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಆಗ ನಮ್ಮಂಥವರ ಮನೆ ಕಂಪ್ಯೂಟರ್‌ನಲ್ಲಿ ಎರಡು ಕೋರ್ ಅನ್ನೋದೇ ಇರಲಿಲ್ಲ. ಅದನ್ನ ಬರೆದವರು ನಿಮ್ಮ ಎಂಟು ಥ್ರೆಡ್ಡನ್ನ ಕನಸಿನಲ್ಲೂ ಕಂಡಿರಲ್ಲ.

ನಾನು ಟ್ರೆಡಲ್ ಪ್ರೆಸ್‌ನಲ್ಲಿ ಅಚ್ಚಿನ ಮೊಳೆ (ಲೋಹದ ಅಕ್ಷರ) ಜೋಡಿಸ್ತಿದ್ದವನು. ಒತ್ತಕ್ಷರದ ಮೊಳೆ ಕಮ್ಮಿ ಬಿದ್ರೆ ಸಂಬಂಧಿಕರ ಹೆಸರೇ ಬದಲಾಯಿಸಿ ಅಂತ ಗಿರಾಕಿಗೆ ಹೇಳೋ ಮಾಲೀಕರಿದ್ದರು. ಈಗ ಒಂದು ನಿಮಿಷ ಬಿಳಿ ಪರದೆ ಬಂದ್ರೆ ನಿಮಗೆಲ್ಲ ಸಿಟ್ಟು.

ಹದಡಿ_ರೋಡ್

ಮೇಷ್ಟ್ರೇ, ಹೆಸರು ಬದಲಾಯಿಸಿದ್ದು ನಿಜಾನಾ?

ಮೊಳೆ_ಜೋಡಿಸಿದವ

ಮೇಷ್ಟ್ರಲ್ಲಪ್ಪಾ, ಪ್ರೂಫ್ ನೋಡ್ತಿದ್ದೆ. ನಿಜವೇ. ಒಂದು ಪತ್ರಿಕೆಯಲ್ಲಿ ಚಿಕ್ಕಪ್ಪನ ಹೆಸರನ್ನ ಅರ್ಧಕ್ಕೆ ಮೊಟಕು ಮಾಡಿದ್ದಕ್ಕೆ ಆಯಪ್ಪ ಮದುವೆಗೇ ಬರಲಿಲ್ಲ.

ಹಿರಿಯೂರು_ಪೆಂಗ್ವಿನ್

ಇಷ್ಟೆಲ್ಲ ಯಾಕೆ? ಲಿನಕ್ಸ್ ಮಿಂಟ್ ಹಾಕಿ. ಇದೇ ಐ3 ಕುಣಿದಾಡುತ್ತೆ. ವಿಂಡೋಸ್ 10ರ ಮಾಮೂಲಿ ಭದ್ರತಾ ಅಪ್‌ಡೇಟ್‌ಗೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬಾಗಿಲು ಹಾಕಿದೆ. 11 ಅಧಿಕೃತವಾಗಿ ಬೇಕು ಅಂದ್ರೆ 8ನೇ ಜನರೇಷನ್, ಟಿಪಿಎಂ 2.0 (ಭದ್ರತೆಯ ಚಿಪ್) ಎರಡೂ ಬೇಕು. ನೀವು 2600 ಹಾಕಿದ್ರೂ 3770 ಹಾಕಿದ್ರೂ ಅಲ್ಲಿಗೆ ಸೇರಲ್ಲ. ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ 1.6 ಇದೆ, ಯೂನಿಕೋಡ್ ಕನ್ನಡ ಒತ್ತಕ್ಷರ ಸರಿಯಾಗೇ ಕೂರುತ್ತೆ. ಚಿತ್ರಕ್ಕೆ ಇಂಕ್‌ಸ್ಕೇಪ್, ಗಿಂಪ್. ಎಲ್ಲಾ ಪುಕ್ಕಟೆ.

ಲಗ್ನಪತ್ರಿಕೆ_ಡಿಟಿಪಿ

ಸಾರ್, ನಿಮ್ಮ ಮಾತು ಒಪ್ತೀನಿ. ಆದ್ರೆ ನನ್ನ ಹತ್ರ ಇರೋ ಹಳೇ ಮ್ಯಾಟರ್ ಎಲ್ಲಾ ನುಡಿಯ ಆನ್ಸಿ ಫಾಂಟ್‌ನಲ್ಲಿ (ಯೂನಿಕೋಡ್ ಅಲ್ಲದ ಹಳೇ ಥರದ್ದು) ಪೇಜ್‌ಮೇಕರ್ ಫೈಲ್ ಆಗಿ ಐತೆ. ಪ್ಲೇಟ್ ಮಾಡೋ ಪ್ರೆಸ್‌ನವ್ರೂ ಅದನ್ನೇ ಕೇಳ್ತಾರೆ. "ಹೋದ ವರ್ಷ ದೊಡ್ಡ ಮಗಳದ್ದು ಮಾಡಿದ್ರಲ್ಲ, ಅದೇ ಪತ್ರಿಕೆ, ಹೆಸರು ತಾರೀಕು ಬದಲಾಯಿಸಿ ಕೊಡ್ರಿ" ಅಂತ ಬರೋರೇ ಜಾಸ್ತಿ. ಅವ್ರಿಗೆ ಸ್ಕ್ರೈಬಸ್ ತೋರಿಸ್ಲಾ?

ಹಿರಿಯೂರು_ಪೆಂಗ್ವಿನ್

ಯೂನಿಕೋಡ್‌ಗೆ ಪರಿವರ್ತನೆ ಮಾಡೋ ಸಾಧನಗಳಿವೆ. ಇವತ್ತಲ್ಲ ನಾಳೆ ಬದಲಾಗಲೇಬೇಕು.

ಮೊಳೆ_ಜೋಡಿಸಿದವ

ಪರಿವರ್ತನೆ ಆದ ಮೇಲೆ ಪ್ರೂಫ್ ಯಾರು ನೋಡ್ತಾರೆ? ಅರ್ಕಾವೊತ್ತು ಎಲ್ಲೆಲ್ಲಿ ಹಾರಿ ಕೂತಿರುತ್ತೋ ನಾನು ನೋಡಿದೀನಿ. ಸೀಸನ್ ಮುಗಿದ ಮೇಲೆ ಮಾಡಲಿ, ಈಗ ಬೇಡ.

ಹೊಳಲ್ಕೆರೆ_ಕಡೆಯವ

ಪೆಂಗ್ವಿನ್ ಸಾರ್ ಹೇಳಿದ್ದರಲ್ಲಿ ಭದ್ರತೆ ಮಾತು ಮಾತ್ರ ತಳ್ಳಿ ಹಾಕಬೇಡ್ರಿ. ಅಂಗಡಿ ಮೆಷಿನ್‌ನಲ್ಲಿ ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಎಲ್ಲಾ ಇರ್ತಾವೆ. ವಿಂಡೋಸ್ 10, 22ಎಚ್2 ಆವೃತ್ತಿ ಇದ್ರೆ ಇಎಸ್‌ಯು ಅಂತ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಐತೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ, ಸೆಟ್ಟಿಂಗ್ಸ್ ಸಿಂಕ್ ಮಾಡಿದ್ರೆ ದುಡ್ಡಿಲ್ಲದೇ ಸೇರ್ಕೊಳ್ಳಬಹುದು. 2026ರ ಅಕ್ಟೋಬರ್ 13ರವರೆಗೆ ನಡೆಯುತ್ತೆ. ನಿಮ್ಮ ಸೀಸನ್ ಅಷ್ಟರಲ್ಲಿ ಮುಗೀತು.

ನಿಟ್ಟುವಳ್ಳಿ_ಗೇಮರ್

ನಮ್ಮ ಫ್ರೆಂಡ್ 3ನೇ ಜನರೇಷನ್‌ನಲ್ಲೇ 11 ಓಡಿಸ್ತಿದಾನೆ. ರೂಫಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಟಿಕ್ ಹಾಕಿ ಪೆನ್ ಡ್ರೈವ್ ಮಾಡಿದ್ರೆ ಚೆಕ್ ಮಾಡದೇ ಇನ್‌ಸ್ಟಾಲ್ ಆಗುತ್ತೆ.

ಹೊಳಲ್ಕೆರೆ_ಕಡೆಯವ

ಆಗುತ್ತೆ. ಮುಂದಿನ ದೊಡ್ಡ ಅಪ್‌ಡೇಟ್ ತಾನಾಗೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಮನೆ ಮೆಷಿನ್‌ಗಾದ್ರೆ ಸರಿ, ದುಡಿಯೋ ಮೆಷಿನ್‌ನಲ್ಲಿ ಆ ಆಟ ಬೇಡ.

ಹರಿಹರ_ವಿಡಿಯೋ

ಸರಿ, ಹಾಕೋದೇ ಆದ್ರೆ 2600 ಯಾಕೆ? 3770 ಹಾಕಿಸ್ರಿ. 22 ನ್ಯಾನೋಮೀಟರ್, 77 ವ್ಯಾಟ್. 2600 ಆದ್ರೆ 32 ನ್ಯಾನೋಮೀಟರ್, 95 ವ್ಯಾಟ್. ಕಮ್ಮಿ ಬಿಸಿ, ಜಾಸ್ತಿ ಕೆಲಸ.

ರಿಪೇರಿ_ಟೇಬಲ್

ಅಲ್ಲೇ ತೊಡಕಿರೋದು. ಎಚ್61 ಬೋರ್ಡು 2ನೇ ಜನರೇಷನ್ ಜೊತೆ ಹುಟ್ಟಿದ್ದು. 3ನೇದು ಗುರುತು ಹಿಡೀಬೇಕು ಅಂದ್ರೆ ಬಯೋಸ್ (ಬೋರ್ಡಿನ ಚಿಪ್‌ನಲ್ಲಿರೋ, ಮೆಷಿನ್ ಎಬ್ಬಿಸೋ ಸಾಫ್ಟ್‌ವೇರು) ಅಪ್‌ಡೇಟ್ ಬೇಕು, ಅದನ್ನ ಹಳೇ ಪ್ರೊಸೆಸರ್ ಇರುವಾಗಲೇ ಮಾಡ್ಕೋಬೇಕು. ಮೊದ್ಲು 3770 ಕೂರಿಸಿ ಆಮೇಲೆ ಅಪ್‌ಡೇಟ್ ಮಾಡ್ತೀನಿ ಅಂದ್ರೆ ಪರದೆ ಮೇಲೆ ಏನೂ ಬರಲ್ಲ. ಇಂಟೆಲ್‌ನವ್ರು ಡೆಸ್ಕ್‌ಟಾಪ್ ಬೋರ್ಡ್ ಬಿಸಿನೆಸ್ ಬಿಡ್ತೀವಿ ಅಂತ 2013ರಲ್ಲೇ ಹೇಳಿದ್ರು. 2019ರಲ್ಲಿ ಹಳೇ ಬಯೋಸ್, ಡ್ರೈವರ್ ಫೈಲ್‌ಗಳನ್ನ ತಮ್ಮ ಸೈಟ್‌ನಿಂದ ತೆಗೆದೂ ಬಿಟ್ರು. ಈಗ ಯಾರೋ ಉಳಿಸಿಟ್ಟಿರೋ ಕಾಪಿ ಹುಡುಕಬೇಕು, ಅದು ನಿಮ್ಮ ಬೋರ್ಡಿನ ಮಾಡೆಲ್‌ದೇ ಅಂತ ಖಾತ್ರಿ ಮಾಡ್ಕೋಬೇಕು.

ಬಯೋಸ್ ಬರೀತಿರುವಾಗ ಕರೆಂಟ್ ಹೋದ್ರೆ ಬೋರ್ಡ್ ಸತ್ತಂಗೆ. ನಮ್ಮ ಕಡೆ ಬೇಸಿಗೆ ಮಧ್ಯಾಹ್ನ ಕರೆಂಟ್ ಹೆಂಗಿರುತ್ತೆ ಅಂತ ನಿಮಗೇ ಗೊತ್ತು. ಒಬ್ಬರು ಯುಪಿಎಸ್ ಇದೆ ಅಂತ ಧೈರ್ಯ ಮಾಡಿ, ಆ ಯುಪಿಎಸ್ ಬ್ಯಾಟರಿ ಯಾವಾಗಲೋ ಸತ್ತಿದ್ದು ನೋಡದೇ, ಬೋರ್ಡ್ ನನ್ನ ಟೇಬಲ್‌ಗೆ ತಂದಿದ್ರು. ಚಿಪ್ ಕಿತ್ತು ಪ್ರೋಗ್ರಾಮರ್‌ನಲ್ಲಿ ಬರೆದು ಮತ್ತೆ ಬೆಸುಗೆ ಹಾಕಿದ ಮೇಲೇ ಎದ್ದಿದ್ದು.

2ನೇ ಜನರೇಷನ್‌ದೇ ಹಾಕಿದ್ರೆ ಈ ತಾಪತ್ರಯ ಸಾಮಾನ್ಯವಾಗಿ ಇಲ್ಲ. ಹಂಗಾಗಿ ನಾನಾದ್ರೆ ಐ5-2400 ಹುಡುಕ್ತೀನಿ. ನಾಲ್ಕು ನಿಜವಾದ ಕೋರ್, ಟರ್ಬೋ 3.4. ಐ7ರ ಹೈಪರ್ ಥ್ರೆಡಿಂಗ್ (ಒಂದು ಕೋರ್‌ಗೆ ಎರಡು ಥ್ರೆಡ್) ಇಲ್ಲ ಅಷ್ಟೇ. ನಿಮ್ಮ ಕೆಲಸಕ್ಕೆ ಅದರ ವ್ಯತ್ಯಾಸ ಕಾಣಲ್ಲ.

ಬೆಣ್ಣೆ_ಜಾಸ್ತಿ

ಐ5 ಹಾಕಿದ್ರೆ ಹಳೇ ಫ್ಯಾನ್ ನಡೆಯುತ್ತಾ?

ರಿಪೇರಿ_ಟೇಬಲ್

ಐ3-2120 65 ವ್ಯಾಟ್‌ದು, ಜೊತೆಗೆ ಬರ್ತಿದ್ದ ಹೀಟ್‌ಸಿಂಕ್ ಬರೀ ಅಲ್ಯೂಮಿನಿಯಂ. ಐ5-2400 95 ವ್ಯಾಟ್. ನಡುವೆ ತಾಮ್ರದ ಗುಂಡಿ ಇರೋ ಹೀಟ್‌ಸಿಂಕ್ ಸಿಕ್ರೆ ಒಳ್ಳೇದು. ಪ್ರೊಸೆಸರ್ ಮಾರೋರ ಹತ್ರ ಅದನ್ನೂ ಸೇರಿಸಿ ಕೇಳ್ರಿ, ಬಹಳಷ್ಟು ಸಲ ಹಂಗೇ ಕೊಡ್ತಾರೆ.

ಭಟ್ಟಿ_ಹಿಂದಿನ_ಓಣಿ (ದಾವಣಗೆರೆ)

ಫ್ಯಾನ್ ಅಂದ್ರಲ್ಲ, ಅದಕ್ಕೊಂದು ಮಾತು. ನಮ್ಮ ಮನೆ ಮಂಡಕ್ಕಿ ಭಟ್ಟಿ ಕಡೆ. ಇಲ್ಲಿ ಕಂಪ್ಯೂಟರ್ ಒಳಗೆ ಕೂರೋದು ಬರೀ ಧೂಳಲ್ಲ, ಮಸಿ. ಒಲೆ ಹೊಗೆಯಲ್ಲಿ ಬರೋ ಜಿಡ್ಡು ಮಸಿ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಸೇರಿ ಕಂಬಳಿ ಥರ ಪದರ ಕಟ್ಟುತ್ತೆ. ಬ್ಲೋಯರ್ ಹಿಡಿದ್ರೆ ಮೇಲಿನ ಧೂಳು ಹಾರುತ್ತೆ, ಆ ಪದರ ಅಲ್ಲಾಡಲ್ಲ. ಫ್ಯಾನ್ ಬಿಚ್ಚಿ, ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ರೆಕ್ಕೆ ರೆಕ್ಕೆ ನಡುವೆ ತಿಕ್ಕಿ ತೆಗೀಬೇಕು. ತೆಗೆದ್ರೆ ಬೆರಳೆಲ್ಲ ಕಪ್ಪು.

ತೆಗೆಯೋಕೆ ಮುಂಚೆ ನನ್ನ ಮೆಷಿನ್ ಕೋರ್ ಟೆಂಪ್ ಅನ್ನೋ ಬಿಸಿ ತೋರಿಸೋ ಸಾಫ್ಟ್‌ವೇರ್‌ನಲ್ಲಿ 90 ಡಿಗ್ರಿ ದಾಟ್ತಿತ್ತು. ತೆಗೆದು ಪ್ರೊಸೆಸರ್, ಹೀಟ್‌ಸಿಂಕ್ ನಡುವೆ ಬಿಸಿ ದಾಟಿಸೋ ಹೊಸ ಪೇಸ್ಟ್ ಹಚ್ಚಿದ ಮೇಲೆ ಅದೇ ಕೆಲಸಕ್ಕೆ ಅರವತ್ತರ ಆಸುಪಾಸು. ಬಿಸಿ ಮಿತಿ ಮುಟ್ಟಿದ್ರೆ ಪ್ರೊಸೆಸರ್ ತಾನೇ ವೇಗ ಇಳಿಸ್ಕೊಳ್ಳುತ್ತೆ, ನಾವು ಸ್ಲೋ ಆಯ್ತು ಅಂತ ಬೈಕೊಂತೀವಿ. ಒಂದು ಪೇಸ್ಟ್ ಟ್ಯೂಬ್ ಖರ್ಚು, ಅರ್ಧ ದಿನದ ಕೆಲಸ.

ನಿಟ್ಟುವಳ್ಳಿ_ಗೇಮರ್

ಭಟ್ಟಿ ಅಂದ್ಕೂಡ್ಲೇ ಮಂಡಕ್ಕಿ ಮಿರ್ಚಿ ನೆನಪಾಯ್ತು. ಸಂಜೆ ಆಯ್ತಲ್ಲಾ.

ಹಿರಿಯೂರು_ಪೆಂಗ್ವಿನ್

ನಿಮ್ಮೂರಿನ ಮಿರ್ಚಿ ಒಂದನ್ನ ಮಾತ್ರ ನಾನು ವಿರೋಧ ಮಾಡಲ್ಲ.

ಹದಡಿ_ರೋಡ್

ನನ್ನದೊಂದು ಬೇರೆ ದಾರಿ. ದೊಡ್ಡ ಕಂಪನಿಗಳು ಕೊಟ್ಟು ಬಿಟ್ಟ ಆಫೀಸ್ ಮೆಷಿನ್ ಬರ್ತಾವಲ್ಲ, ಐ5-8500 ಇರೋವು, ಅವುಗಳನ್ನ ನೋಡ್ರಿ. ಆರು ಕೋರ್, ವಿಂಡೋಸ್ 11 ಅಧಿಕೃತ. ನಾನು ಕೇಳಿದಾಗ ಹದಿನೈದು ಸಾವಿರದ ಆಚೀಚೆ ಹೇಳಿದ್ರು. ಈಗ ಎಚ್61ಕ್ಕೆ ಆರು ಸಾವಿರ ಹಾಕೋ ಬದ್ಲು ಅದನ್ನ ಕೂಡಿಟ್ಟು ಸೀಸನ್ ದುಡ್ಡು ಸೇರಿಸಿ ಇದನ್ನ ತಗೊಳ್ಳೋದು ವಾಸಿ.

ರಿಪೇರಿ_ಟೇಬಲ್

ಮಾತು ಸರಿ. ಎರಡು ವಿಷ್ಯ ನೋಡ್ಕೊಂಡು ತಗೊಳ್ರಿ. ಅವುಗಳಲ್ಲಿ ಬಹಳಷ್ಟಕ್ಕೆ ಎಸ್‌ಎಂಪಿಎಸ್ (ಕರೆಂಟ್ ಕೊಡೋ ಡಬ್ಬಿ), ಬೋರ್ಡು ಅವರದ್ದೇ ಅಳತೆ. ಕೆಟ್ರೆ ಪಕ್ಕದಂಗಡಿಯ ಸಾಮಾನ್ಯ ಎಸ್‌ಎಂಪಿಎಸ್ ಕೂರಲ್ಲ. ಇನ್ನೊಂದು, ಸ್ಟಿಕ್ಕರ್ ನೋಡಿ ನಂಬಬೇಡ್ರಿ, ಆನ್ ಮಾಡಿಸಿ ಒಳಗಿರೋ ಪ್ರೊಸೆಸರ್ ಹೆಸರು ಓದ್ರಿ.

ಆದ್ರೆ ಈಗ ಎಸ್‌ಎಸ್‌ಡಿ ತಗೊಂಡ್ರೆ ಅದೇನು ದಂಡ ಆಗಲ್ಲ. ಮುಂದೆ ಆ ಮೆಷಿನ್‌ಗೆ ಬಿಚ್ಚಿ ಹಾಕ್ಕೋಬಹುದು. ಪ್ರೊಸೆಸರ್ ಮತ್ತು ಡಿಡಿಆರ್3 ರ‍್ಯಾಮ್‌ಗೆ ಹಾಕಿದ ದುಡ್ಡು ಮಾತ್ರ ಈ ಬೋರ್ಡಿನ ಜೊತೆಗೇ ಹೋಗುತ್ತೆ. ಇದೊಂದನ್ನ ತಲೆಯಲ್ಲಿಟ್ಕೊಳ್ರಿ.

ಹೊಳಲ್ಕೆರೆ_ಕಡೆಯವ

ಎಚ್61ರ ಸಾಟಾ (ಡಿಸ್ಕ್ ವೈರ್ ಸಿಕ್ಕಿಸೋ ಪೋರ್ಟ್) ಸೆಕೆಂಡಿಗೆ 3 ಗಿಗಾಬಿಟ್‌ದು, ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗಲ್ಲ ಅಂತ ಯಾರಾದ್ರೂ ಹೆದರಿಸ್ತಾರೆ. ಕೇಳ್ಬೇಡ್ರಿ. ಸೆಕೆಂಡಿಗೆ 550 ಎಂಬಿ ಬದ್ಲು ಸುಮಾರು 270 ಬರುತ್ತೆ. ವಿಂಡೋಸ್ ಆನ್ ಆಗೋದು, ಫಾಂಟ್ ಲೋಡ್ ಆಗೋದು ಎಲ್ಲಾ ಚೂರು ಚೂರು ಫೈಲ್ ಓದೋ ಕೆಲಸ. ಅಲ್ಲಿ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಒಂದೆರಡು ಎಂಬಿ ಕೊಟ್ರೆ ಹೆಚ್ಚು. ಎನ್‌ವಿಎಂಇ ಅನ್ನೋ ಬೇರೆ ಥರದ ಎಸ್‌ಎಸ್‌ಡಿ ಮಾತ್ರ ತರಬೇಡ್ರಿ, ಈ ಬೋರ್ಡಿನಲ್ಲಿ ಅದಕ್ಕೆ ಸ್ಲಾಟೇ ಇಲ್ಲ. 2.5 ಇಂಚಿನ ಸಾಟಾನೇ ಕೇಳ್ರಿ.

ಲಗ್ನಪತ್ರಿಕೆ_ಡಿಟಿಪಿ

64 ಬಿಟ್ ಹಾಕಿದ್ರೆ ನನ್ನ ಎಲ್‌ಬಿಪಿ 2900 ಪ್ರಿಂಟರ್ ಕೈಕೊಡುತ್ತೆ ಅಂತ ಹುಡುಗ ಹೇಳ್ತಿದಾನೆ. ಹೌದಾ? ಕೀ ಮತ್ತೆ ಕೊಳ್ಳಬೇಕಾ?

ರಿಪೇರಿ_ಟೇಬಲ್

ಇಲ್ಲ ಅಣ್ಣಾ. ಅದಕ್ಕೆ 64 ಬಿಟ್ ಡ್ರೈವರ್ ಬೇರೇನೇ ಐತೆ, ಅದನ್ನ ಹಾಕ್ಬೇಕು ಅಷ್ಟೇ. ದುರ್ಗದಲ್ಲಿ ಅರ್ಧ ಅಂಗಡಿಗಳು ಅದೇ ಪ್ರಿಂಟರ್ ಮೇಲೆ ನಡೀತಾವೆ. ವಿಂಡೋಸ್ 10 ಕೀ 32ಕ್ಕೂ 64ಕ್ಕೂ ಒಂದೇ. ಆದ್ರೆ 32ರ ಮೇಲೆ 64 ಏರಿಸೋಕೆ ಬರಲ್ಲ, ಹೊಸದಾಗಿ ಇನ್‌ಸ್ಟಾಲ್ ಮಾಡ್ಬೇಕು. ಫಾಂಟ್ ಸಾಫ್ಟ್‌ವೇರ್‌ಗೆ ಡಾಂಗಲ್ (ಲೈಸೆನ್ಸ್‌ಗೆ ಮೆಷಿನ್‌ಗೆ ಸಿಕ್ಕಿಸೋ ಸಣ್ಣ ಕೀಲಿ) ಇದ್ರೆ ಅದರ 64 ಬಿಟ್ ಡ್ರೈವರ್ ಸಿಗುತ್ತಾ ಅಂತ ಮೊದ್ಲೇ ನೋಡ್ಕೊಳ್ರಿ, ಸಿಕ್ಕಿಹಾಕ್ಕೊಳ್ಳೋದು ಅಲ್ಲೇ. ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಬೇಡ್ರಿ, ವೈರ್ ಕಿತ್ತು ಪಕ್ಕಕ್ಕಿಟ್ಟು ಬರೀ ಎಸ್‌ಎಸ್‌ಡಿ ಮೇಲೆ ಹಾಕಿಸ್ರಿ.

ಗಡಿಯಾರ ಹಿಂದೆ ಹೋಗ್ತಿದ್ರೆ ಬೋರ್ಡಿನ ಸಿಆರ್2032 ಸೆಲ್ ಕೂಡ ಬದಲಿಸ್ರಿ. ತಾರೀಕು ತಪ್ಪಿದ್ರೆ ಸರ್ಕಾರಿ ಸೈಟೆಲ್ಲ ಸರ್ಟಿಫಿಕೇಟ್ ಎರರ್ ಅಂತ ಬಾಗಿಲು ಹಾಕ್ತಾವೆ, ಜನ ಇಂಟರ್ನೆಟ್‌ನವ್ರಿಗೆ ಬೈತಾರೆ.

ಹರಿಹರ_ವಿಡಿಯೋ

ಈಗಲೂ ಹೇಳ್ತೀನಿ, ಎಸ್‌ಎಸ್‌ಡಿ ಹಾಕಿದ ಮೇಲೂ ಎರಡು ಕೋರ್ ಎರಡು ಕೋರೇ. ಕ್ರೋಮ್ ಒಂದ್ಕಡೆ, ಫೋಟೋಶಾಪ್ ಇನ್ನೊಂದ್ಕಡೆ, ಹಿಂದೆ ಆಂಟಿವೈರಸ್. ಆಗ ಬರ್ತೀರಿ ನನ್ನ ಮಾತಿಗೆ.

ರಿಪೇರಿ_ಟೇಬಲ್

ಅದಕ್ಕೇ ಐ5 ಬೇಡ ಅನ್ಲಿಲ್ಲ ನಾನು. ಸರದಿ ಮಾತ್ರ ಹೇಳಿದೆ.

ಲಗ್ನಪತ್ರಿಕೆ_ಡಿಟಿಪಿ

ಮಾಡಿಸಿದೆ. ಮೊದ್ಲು ಎಲ್ಲಾ ಬ್ಯಾಕಪ್. ಎರಡು ಫೋಲ್ಡರ್ ಕಾಪಿ ಆಗ್ಲೇ ಇಲ್ಲ, ಹಳೇ ಬ್ಯಾನರ್‌ಗಳವು, ಹೋದ್ರೆ ಹೋಗ್ಲಿ. 256 ಜಿಬಿ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ಡಿಡಿಆರ್3 ಸೆಕೆಂಡ್ ಹ್ಯಾಂಡ್, 64 ಬಿಟ್ ವಿಂಡೋಸ್, ಪೇಸ್ಟ್, ಸೆಲ್. ಹುಡುಗನ ಕೂಲಿ ಸೇರಿಸಿಯೂ ಆರು ಸಾವಿರದಲ್ಲಿ ಸ್ವಲ್ಪ ಉಳೀತು. ಪ್ರಿಂಟರ್ ಬಂತು. ಇಎಸ್‌ಯುಗೂ ಸೇರ್ಕೊಂಡೆ.

ಆನ್ ಆಗೋದು ಈಗ ಕಸಬರಿಗೆ ಕೈಗೆತ್ತಿಕೊಳ್ಳೋಷ್ಟ್ರಲ್ಲಿ. ಪೇಜ್‌ಮೇಕರ್ ಒತ್ತಿದ್ರೆ ತೆಗಿಯುತ್ತೆ. ಕೋರೆಲ್ ದೊಡ್ಡ ಬ್ಯಾನರ್‌ಗೆ ಮಾತ್ರ ಇನ್ನೂ ಬಿಳಿಚ್ಕೊಳ್ಳುತ್ತೆ, 27 ಪರ್ಸೆಂಟೇ. ಹರಿಹರದ ಅಣ್ಣ ಹೇಳಿದಂಗೆ ಕ್ರೋಮ್, ಫೋಟೋಶಾಪ್ ಒಟ್ಟಿಗೆ ಓಡಿದಾಗ ಸಿಪಿಯು ನೂರು ಮುಟ್ಟಿದ್ದೂ ಕಂಡೆ.

ಹರಿಹರ_ವಿಡಿಯೋ

ನೋಡಿದ್ರಾ!

ಹದಡಿ_ರೋಡ್

ಒಂದ್ಸಲ ನೂರು ಮುಟ್ಟಿದ್ದಕ್ಕೆ ಇಷ್ಟು ಖುಷೀನಾ ಅಣ್ಣಾ?

ರಿಪೇರಿ_ಟೇಬಲ್

ಕೋರೆಲ್‌ದಕ್ಕೆ ಒಂದು ಉಪಾಯ. ಫ್ಲೆಕ್ಸ್‌ಗೆ 300 ಡಿಪಿಐ ಫೋಟೋ ಹಾಕ್ತಿದೀರಾ? ಹತ್ತಡಿ ಬ್ಯಾನರ್ ದೂರದಿಂದ ನೋಡೋದು, 72-100 ಸಾಕು. ಮೊಬೈಲ್‌ನಲ್ಲಿ ತೆಗೆದ ರಾಜಕಾರಣಿ ಫೋಟೋನ ಹಂಗೇ ಎಳೆದು ಹಾಕಬೇಡ್ರಿ, ಮೊದ್ಲು ಫೋಟೋಶಾಪ್‌ನಲ್ಲಿ ಅಳತೆಗೆ ಇಳಿಸ್ಕೊಳ್ರಿ. ನೆರಳಿನ ಎಫೆಕ್ಟ್‌ಗಳನ್ನ ಬಿಟ್‌ಮ್ಯಾಪ್ ಮಾಡಿ. ಪ್ರೊಸೆಸರ್ ಬದಲಿಸದೇ ಎಕ್ಸ್‌ಪೋರ್ಟ್ ಹೊತ್ತು ಇಳಿಯುತ್ತೆ.

ಐ5-2400 ಸಾವಿರದ ಆಸುಪಾಸು ಸಿಕ್ರೆ ತಗೊಳ್ರಿ, ಅದರ ಮೇಲೆ ಹೋಗಬೇಡ್ರಿ. ಬೆಂಗಳೂರಿಗೆ ಹೋಗೋರಿದ್ರೆ ಎಸ್.ಪಿ. ರೋಡ್‌ನಲ್ಲಿ ಕೇಳ್ಸಿ. ಹಾಕುವಾಗ ಮುಂದೆ ನಿಂತು ನೋಡ್ರಿ: ಸಾಕೆಟ್ ಒಳಗೆ ಬೆರಳು ಹಾಕಬಾರದು, ಪಿನ್ ಇರೋದು ಬೋರ್ಡಿನಲ್ಲಿ. ಒಂದು ಪಿನ್ ಬಾಗಿದ್ರೆ ಒಂದು ರ‍್ಯಾಮ್ ಸ್ಲಾಟ್ ಸತ್ತು ಹೋಗಬಹುದು. ಫ್ಯಾನಿನ ನಾಲ್ಕು ಕಾಲನ್ನ ಎದುರು ಬದುರಾಗಿ ಒತ್ತಬೇಕು, ನಾಲ್ಕೂ ಟಕ್ ಅಂದಿದ್ದು ಕೇಳಬೇಕು.

ಲಗ್ನಪತ್ರಿಕೆ_ಡಿಟಿಪಿ

100 ಡಿಪಿಐ ಮಾಡಿ ನೋಡ್ದೆ, ಪಿಡಿಎಫ್ ಬೇಗ ಬಂತು. ಹಂಗಾದ್ರೆ ಐ5 ಸೀಸನ್ ಮುಗಿದ ಮೇಲೆ ನೋಡ್ತೀನಿ, ಇಲ್ಲಾ ಹದಡಿ ರೋಡಿನವ್ರು ಹೇಳಿದ 8ನೇ ಜನರೇಷನ್ ಕಡೆಗೇ ಹೋಗ್ತೀನಿ. ಹುಡುಗ ಐ7 ಬಗ್ಗೆ ಇನ್ನೂ ಫೋನ್ ಮಾಡ್ತಾನೇ ಇದಾನೆ.

ಬೆಣ್ಣೆ_ಜಾಸ್ತಿ

ಅವನಿಗೆ ನನ್ನ 4460 ಬೇಕಾ ಕೇಳ್ರಿ.

ಮೊಳೆ_ಜೋಡಿಸಿದವ

ಬ್ಯಾಕಪ್ ಆದ ಪೇಜ್‌ಮೇಕರ್ ಫೈಲ್ ಒಂದೆರಡು ತೆಗೆದು ಫಾಂಟ್ ಎಲ್ಲಾ ಬಂದಿದಾವಾ ನೋಡಿದ್ರಾ? ಬಾರ್ಡರ್ ಫಾಂಟ್ ಬಿಟ್ಟು ಹೋಗಿದ್ರೆ ಗಣಪತಿ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಕೂತಿರುತ್ತೆ.

ಲಗ್ನಪತ್ರಿಕೆ_ಡಿಟಿಪಿ

ತಡೀರಿ, ಈಗ್ಲೇ ತೆಗೆದು ನೋಡ್ತೀನಿ.